ಗಾಡಿಯಲ್ಲಿ ಯಾರೂ ಇರಲಿಲ್ಲ

ಸರಕು ರೈಲುಗಳ ಇಂಜಿನ್ನಿನಲ್ಲಿ ಡ್ರೈವರು ಕೂರುವುದು ನಿಂತುಹೋಗಿ ಆಗಲೇ ಬಹಳ ವರ್ಷಗಳಾಗಿದ್ದವು. ಅದಿರು, ಸಿಮೆಂಟು, ಗೊಬ್ಬರ ಹೊತ್ತ ಉದ್ದುದ್ದ ಗಾಡಿಗಳು ಬಳ್ಳಾರಿ ಕಡೆಯಿಂದ ಸಮುದ್ರದ ಕಡೆಗೆ ಹಗಲೂ ರಾತ್ರಿ ಓಡುತ್ತಿದ್ದವು. ಇಂಜಿನ್ನಿನ ಕೋಣೆ ಮಾತ್ರ ಖಾಲಿ. ಅವುಗಳನ್ನು ನಡೆಸುವವರು ಹುಬ್ಬಳ್ಳಿಯ ಹೊರಗೆ, ಒಂದು ಖಾಸಗಿ ಕಂಪನಿಯ ತಣ್ಣನೆಯ ಹಾಲಿನಲ್ಲಿ ಸಾಲಾಗಿ ಕೂತಿರುತ್ತಿದ್ದರು. ಒಬ್ಬೊಬ್ಬರ ಎದುರಿಗೂ ಗೋಡೆಯಗಲದ ಪರದೆ. ಹಳಿ, ಸಿಗ್ನಲ್ಲು, ಅಕ್ಕಪಕ್ಕದ ಹೊಲ, ಹೊಲದಲ್ಲಿ ಬಗ್ಗಿದವರು, ಎಲ್ಲ ಅದರಲ್ಲಿ ಕೈಗೆಟುಕುವಷ್ಟು ಹತ್ತಿರ ಬಂದು ಹಿಂದೆ ಸರಿಯುತ್ತಿತ್ತು. ಹಳಿಯ ಕುಲುಕಾಟಕ್ಕೆ ತಕ್ಕಂತೆ ಕುರ್ಚಿಯೂ ಅದುರುತ್ತಿತ್ತು. ಗಾಡಿ ಬಹುಮಟ್ಟಿಗೆ ತಾನೇ ಓಡುತ್ತಿತ್ತು, ನಿಜ. ಆದರೂ ಬ್ರೇಕಿನ ಮೇಲೆ ಮನುಷ್ಯರದೊಂದು ಕೈ ಇರಲೇಬೇಕೆಂದು ಕಾನೂನಿತ್ತು.

ಆ ಕೈಗಳಲ್ಲಿ ಒಂದು ದ್ರಾಕ್ಷಾಯಣಿ ಹೂಗಾರಳದು. ನಲವತ್ತು ದಾಟಿದ ಹೆಂಗಸು. ಮದುವೆಯಾಗಿ, ಜಗಳ ರಂಪ ಏನೂ ಇಲ್ಲದೆ ಅದು ಮುಗಿದೂ ಹೋಗಿ, ತಾಯಿ ನೀಲವ್ವನ ಜೊತೆ ಕಂಪನಿಯ ಕ್ವಾರ್ಟರ್ಸಿನಲ್ಲಿದ್ದಳು. ಮಾತು ಕಡಿಮೆ. ದಿನವಿಡೀ ಯಾರ ಮುಖವನ್ನೂ ನೋಡದೆ ನಾಡೆಲ್ಲ ಸುತ್ತುವ ಈ ಕೆಲಸ ತನಗೆ ಹೇಳಿ ಮಾಡಿಸಿದ್ದು ಎಂದು ಅವಳೇ ಅಂದುಕೊಂಡಿದ್ದಳು.

ಸುಗ್ಗಿ ಮುಗಿದಿದ್ದ ಒಂದು ಮುಂಜಾನೆ ಅವಳು ಅದಿರಿನ ಗಾಡಿಯೊಂದನ್ನು ಕೊಪ್ಪಳದ ಸೀಮೆಯಲ್ಲಿ ತರುತ್ತಿದ್ದಳು. ಕರಡಿಹಾಳ ಎಂಬ ಊರಿನ ಹತ್ತಿರ ಹಳ್ಳಕ್ಕೆ ಕಟ್ಟಿದ ಉದ್ದನೆಯ ಸೇತುವೆ. ತಿರುವು ದಾಟಿದ್ದೇ ಸೇತುವೆಯ ನಡುವೆ ಒಬ್ಬ ಮನುಷ್ಯ ಹಳಿಯ ಮೇಲೆ ನಡೆದು ಹೋಗುತ್ತಿರುವುದು ಕಂಡಿತು. ಬೆನ್ನು ಇವಳ ಕಡೆ. ದ್ರಾಕ್ಷಾಯಣಿ ಹಾರ್ನು ಒತ್ತಿದಳು, ಬ್ರೇಕನ್ನು ಪೂರ್ತಿ ಎಳೆದಳು. ಅಷ್ಟು ಭಾರದ ಗಾಡಿ ಅಷ್ಟರಲ್ಲಿ ನಿಲ್ಲುವಂಥದಲ್ಲ. ಅದು ಅವಳಿಗೂ ಗೊತ್ತಿತ್ತು. ಆ ಮನುಷ್ಯ ನಿಂತ. ತಿರುಗಿದ. ನೆಟ್ಟಗೆ ಇವಳ ಕಣ್ಣಿಗೆ ಕಣ್ಣಿಟ್ಟು ನೋಡಿದ. ಬಲಗೈ ಎತ್ತಿದ, ಅಂಗೈ ಇವಳ ಕಡೆಗೆ.

ಪರದೆ ಕಪ್ಪಾಯಿತು.

ಅದು ಕಂಪನಿ ಮಾಡಿದ್ದ ಏರ್ಪಾಡು. ಡಿಕ್ಕಿಯಾಗುವುದು ಖಚಿತವೆಂದು ಯಂತ್ರಕ್ಕೆ ಗೊತ್ತಾದ ಕೂಡಲೇ ಚಿತ್ರ ತಾನಾಗಿ ಆರಿಹೋಗುತ್ತಿತ್ತು. ನಡೆಸುವವರು ನೋಡಬಾರದ್ದನ್ನು ನೋಡಿ ಮನಸ್ಸು ಕೆಡಿಸಿಕೊಳ್ಳಬಾರದೆಂಬ ಸದುದ್ದೇಶ ಅದರ ಹಿಂದಿತ್ತು. ಕುರ್ಚಿಯ ಅದುರಾಟವೂ ನಿಂತಿತು. ಕಪ್ಪು ಗಾಜಿನಲ್ಲಿ ದ್ರಾಕ್ಷಾಯಣಿಗೆ ತನ್ನದೇ ಮುಖ ಕಾಣಿಸಿತು.

ಪಕ್ಕದ ಕುರ್ಚಿಯ ಗುರುಸಿದ್ದ ತನ್ನ ಗಾಡಿಯನ್ನು ಬೇರೆಯವರಿಗೆ ಒಪ್ಪಿಸಿ ಓಡಿಬಂದ. ವಯಸ್ಸಿನಲ್ಲಿ ಚಿಕ್ಕವನು, ಒಳ್ಳೆಯವನು. ಅವಳನ್ನು ಹೊರಗೆ ಕರೆದುಕೊಂಡು ಹೋಗಿ ಕೂರಿಸಿ, ಚಹಾ ತರಿಸಿಕೊಟ್ಟ.

“ತಲಿ ಕೆಡಿಸ್ಕೋಬ್ಯಾಡ ಅಕ್ಕಾ. ನಿಂದೇನ ತಪ್ಪೈತಿ? ಬ್ರೇಕ್ ಹಾಕೀದಿ, ಹಾರ್ನ್ ಹೊಡದೀದಿ. ಅಷ್ಟಕ್ಕೂ ನೀ ಅಲ್ಲಿ ಇರಲೇ ಇಲ್ಲಲ್ಲ.”

ಮೇಲಿನವರೂ ಅದನ್ನೇ ಹೇಳಿದರು. ಮಾತು ಮಾತ್ರ ಪುಸ್ತಕದ್ದು: “ನೀವು ಸ್ಥಳದಲ್ಲಿ ಇರಲಿಲ್ಲವಾದ್ದರಿಂದ ಗಾಬರಿಯಾಗುವ ಕಾರಣವಿಲ್ಲ.”

ದ್ರಾಕ್ಷಾಯಣಿ ಎಲ್ಲರಿಗೂ ತಲೆಯಾಡಿಸಿದಳು. ಚಹಾದ ಕಪ್ಪು ಹಿಡಿದ ಬಲಗೈ ಹೆಬ್ಬೆರಳು ಮರಗಟ್ಟಿದಂತಾಗಿತ್ತು. ಅದನ್ನು ಯಾರಿಗೂ ಹೇಳಲಿಲ್ಲ.

*

ಮನೆಗೆ ಬಂದಾಗ ನೀಲವ್ವ ಬಾಗಿಲಲ್ಲೇ ಕೂತು ಮೆಂತೆಪಲ್ಲೆ ಸೋಸುತ್ತಿದ್ದಳು.

“ಇವತ್ತ ಲಗೂ ಬಂದೆಲ್ಲಾ?”

“ಗಾಡಿ ಕಡಿಮಿ ಇದ್ದವು ಬೇ.”

ನೀಲವ್ವ ಮುಂದೆ ಕೇಳಲಿಲ್ಲ. ಕೇಳುವ ರೂಢಿ ಆ ಮನೆಯಲ್ಲಿರಲಿಲ್ಲ. ಅಮ್ಮ ಮಗಳು ಒಂದೇ ತಟ್ಟೆಯಿಂದ ರೊಟ್ಟಿ ಮುರಿದು ತಿನ್ನುವಷ್ಟು ಹತ್ತಿರ, ಆದರೆ ಇಬ್ಬರ ನಡುವೆ ತೆರೆಯದ ಬಾಗಿಲೊಂದಿತ್ತು. ಅದರ ಮುಂದೆ ಇಬ್ಬರೂ ಹೆಜ್ಜೆ ಸಪ್ಪಳವಾಗದಂತೆ ಓಡಾಡುತ್ತ ಬಂದಿದ್ದರು.

ಆ ಕೈ ಕಣ್ಣ ಮುಂದಿನಿಂದ ಹೋಗಲಿಲ್ಲ. ಹಾದಿಯಲ್ಲಿ ಯಾರೋ ಆಟೋಕ್ಕೆ ಕೈ ಮಾಡಿದರೆ ದ್ರಾಕ್ಷಾಯಣಿ ಹೆಜ್ಜೆ ನಿಲ್ಲಿಸಿಬಿಡುತ್ತಿದ್ದಳು. ಅವ್ವ ಜಡೆ ಹಾಕಿಕೊಳ್ಳಲು ತೋಳೆತ್ತಿದರೂ ಅವಳು ಮುಖ ತಿರುಗಿಸುತ್ತಿದ್ದಳು. ಫೋನಿನಲ್ಲಿ ಯಾರಾದರೂ ಮುಖ ತೋರಿಸಿ ಮಾತಾಡಲು ಕರೆದರೆ ಎತ್ತುತ್ತಿರಲಿಲ್ಲ. ಟೀವಿಗೆ ಒಂದು ಬೆಡ್‌ಶೀಟು ಹೊದಿಸಿದಳು. ನೀಲವ್ವ ಅದನ್ನು ನೋಡಿ, ಧೂಳಿಗೇನೋ ಅಂದುಕೊಂಡು ಅಂಚು ಸರಿಪಡಿಸಿದಳು.

ಕಣ್ಣಿಗೆ ಕಂಡದ್ದೆಲ್ಲ ಒಂದೇ ಒಂದು ಚಿತ್ರ. ಅದಕ್ಕೆ ಮೊದಲಿಲ್ಲ, ಕೊನೆಯಿಲ್ಲ. ಆ ಮನುಷ್ಯ ಯಾವ ಅಂಗಿ ತೊಟ್ಟಿದ್ದ, ಎಷ್ಟು ವಯಸ್ಸಿನವನು ಎಂದು ಪೊಲೀಸರು ಫೋನಿನಲ್ಲಿ ಕೇಳಿದಾಗ ಅವಳಿಗೆ ಹೇಳಲಾಗಲಿಲ್ಲ. ಅಂಗೈ ಒಂದೇ ಗೊತ್ತು.

*

ಇಂಥದ್ದೊಂದು ನಡೆದರೆ ಕುರ್ಚಿಗೆ ಮರಳುವ ಮುಂಚೆ ಕಂಪನಿಯ ಚಿಕಿತ್ಸೆಯ ಕೋಣೆಗೆ ಹೋಗಬೇಕೆಂಬುದು ನಿಯಮ. ಅಲ್ಲಿದ್ದ ಯಂತ್ರವನ್ನು ಎಲ್ಲರೂ ತೊಟ್ಟಿಲು ಎನ್ನುತ್ತಿದ್ದರು. ಕೂರಲು ಒಂದು ಆರಾಮದ ಕುರ್ಚಿ. ಎದುರಿಗೆ ಬಿಲ್ಲಿನ ಹಾಗೆ ಬಾಗಿದ ಪಟ್ಟಿ. ಅದರ ಮೇಲೆ ಒಂದು ಬೆಳಕಿನ ಚುಕ್ಕೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ತೂಗುತ್ತಿತ್ತು. ಕಣ್ಣು ಅದರ ಹಿಂದೆ ಹೋಗಬೇಕು. ಯಂತ್ರವು ಕಣ್ಣಿನ ಪಾಪೆ, ನಾಡಿ, ಅಂಗೈ ಬೆವರು ಎಲ್ಲವನ್ನೂ ಓದುತ್ತ ಚುಕ್ಕೆಯ ಓಟವನ್ನು ಹೆಚ್ಚು ಕಡಿಮೆ ಮಾಡುತ್ತಿತ್ತು.

ಅದನ್ನು ನೋಡಿಕೊಳ್ಳುತ್ತಿದ್ದ ಡಾಕ್ಟರು ನಜ್ಮಾ ಕಿತ್ತೂರ, ಸವಣೂರಿನ ಹುಡುಗಿ. ಕೆಲಸಕ್ಕೆ ಹೊಸಬಳು. ಮೊದಲ ದಿನವೇ ಬಿಡಿಸಿ ಹೇಳಿದಳು.

“ಇದು ಹೊಸಾದಲ್ರಿ. ನಮ್ಮ ಅಜ್ಜಿ ಕಾಲದಾಗ ಡಾಕ್ಟರು ಎರಡು ಬೆರಳ ಆಡಿಸಿ ಇದನ್ನ ಮಾಡ್ತಿದ್ರು. ಸಾದಾ ನೆನಪು ಬ್ಯಾರೆ ನೆನಪಿನ ಜೋಡಿ ಕೂಡಿಕೊಂಡು ಹಳೇದಾಗತದ. ದೊಡ್ಡ ಪೆಟ್ಟು ಬಿದ್ದಾಗಿಂದು ಮಾತ್ರ ಹಂಗ ಹಸೀನ ಉಳೀತದ, ಈಗ ನಡ್ಯಾಕತ್ತೈತೇನೋ ಅನ್ನೂಹಂಗ. ನೀವು ಅದನ್ನ ನೆನಸಿಕೋತ ಕಣ್ಣಾಡಿಸಬೇಕು. ಮನಸ್ಸಿಗೆ ಎರಡೂ ಕೂಡಿ ಮಾಡೂದು ಭಾಳ ತ್ರಾಸು. ಹಂಗಾಗಿ ನೆನಪಿನ ಬಿಸಿ ಇಳೀತದ. ಬಿಸಿ ಇಳದಮ್ಯಾಲೆ ಅದು ತಾನಾಗಿ ತನ್ನ ಜಾಗಾ ಹುಡುಕ್ಕೋತದ.”

“ಮರತು ಹೋಗತದನ್ರಿ?”

“ಇಲ್ರಿ. ನೆನಪಿರತದ. ಸುಡೂದಿಲ್ಲ, ಅಷ್ಟ.”

ಶುರುಮಾಡುವ ಮೊದಲು, ಮನಸ್ಸಿಗೆ ತಂಪಾಗುವ ಒಂದು ಜಾಗ ನೆನೆಸಿಕೊಳ್ಳಿ, ತೀರ ಕಷ್ಟವಾದರೆ ಅಲ್ಲಿಗೆ ಮರಳಬಹುದು ಎಂದಳು ನಜ್ಮಾ. ಗದಗಿನ ಮಾರ್ಕೆಟ್ಟಿನ ಅಪ್ಪನ ಹೂವಿನ ಕಟ್ಟೆ ಎಂದಳು ದ್ರಾಕ್ಷಾಯಣಿ. ಒದ್ದೆ ಗೋಣಿಚೀಲ, ಅದರ ಕೆಳಗೆ ಸೇವಂತಿಗೆ. ಹೇಳುವಾಗ ಅವಳ ದನಿ ಯಾಕೋ ಸಣ್ಣದಾಯಿತು. ನಜ್ಮಾ ಅದನ್ನು ಗಮನಿಸಿದಳು.

“ಆ ಕೈ ನೆನಸಿದಾಗ ನಿಮ್ಮ ಬಗ್ಗೆ ನಿಮಗ ಏನನಸ್ತದ? ಒಂದ ಮಾತಿನಾಗ ಹೇಳ್ರಿ.”

“ನಾ ಕೈಬಿಟ್ಟೆ ಅಂತ.”

“ಹತ್ತರೊಳಗ ಎಷ್ಟು ತ್ರಾಸು?”

“ಒಂಬತ್ತು.”

ಚುಕ್ಕೆ ತೂಗತೊಡಗಿತು. ಮೊದಮೊದಲು ಗುಣ ಕಂಡಿತು. ಒಂಬತ್ತು ಎಂಟಾಯಿತು, ಮುಂದಿನ ಸಲ ಆರಾಯಿತು. ಅಲ್ಲಿಗೆ ನಿಂತುಬಿಟ್ಟಿತು. ಆರಕ್ಕೆ ಬಂದ ಕೂಡಲೇ ಅವಳ ಹೆಬ್ಬೆರಳು ಮರಗಟ್ಟುವುದು, ಮೂಗಿಗೆ ಸ್ಯಾನಿಟೈಸರಿನ ಘಾಟು ಬಂದಂತಾಗುವುದು, ಕಣ್ಣು ಚುಕ್ಕೆಯನ್ನು ಬಿಟ್ಟು ಎಲ್ಲೋ ಜಾರುವುದು. ಅಷ್ಟರಲ್ಲಿ ಬೆಳಕು ನಿಂತು ಯಂತ್ರದ ದನಿ ಮೃದುವಾಗಿ ಹೇಳುತ್ತಿತ್ತು: “ದಯವಿಟ್ಟು ಘಟನೆಗೆ ಮರಳಿ.” ಅವಳು ವಿಧೇಯಳಾಗಿ ಸೇತುವೆಗೆ ಮರಳುತ್ತಿದ್ದಳು. ಮತ್ತೆ ಆರು.

ಒಂದು ಸಲ ನಜ್ಮಾ ಕೇಳಿಯೇಬಿಟ್ಟಳು. “ಪ್ರತಿ ಸರ್ತಿ ಅಲ್ಲೇ ನೀವು ಎಲ್ಲೋ ಹೊಂಟಿರ್ತೀರಿ. ಮಷೀನು ಎಳಕೊಂಡು ಬರ್ತದ. ಎಲ್ಲಿಗೆ ಹೊಂಟಿರ್ತೀರಿ ಅಕ್ಕಾರ?”

“ಎಲ್ಲಿಗಿಲ್ರಿ.”

ನಜ್ಮಾ ಉಳಿದದ್ದನ್ನೂ ಮುಚ್ಚಿಡದೆ ಹೇಳಿದಳು. ತೊಟ್ಟಿಲಿಗೆ ಕಂಪನಿ ಒಂದು ಬೇಲಿ ಹಾಕಿಸಿದೆ. ಕೆಲಸದಲ್ಲಿ ಆದ ಪೆಟ್ಟಿಗಷ್ಟೇ ಚಿಕಿತ್ಸೆ, ಅದರಾಚೆಗಿನದು ಅವರವರ ಸ್ವಂತದ್ದು. ಆ ಬೇಲಿಯನ್ನು ತೆಗೆಯುವ ಅಧಿಕಾರ ಡಾಕ್ಟರಿಗಿದೆ. ಆದರೆ ತೆಗೆದರೆ ಆ ಸುದ್ದಿ ತಾನಾಗಿ ಮೇಲಕ್ಕೆ ಹೋಗುತ್ತದೆ. ಮೊದಲಿನಿಂದಲೂ ಮನಸ್ಸಿನಲ್ಲಿ ನೋವಿಟ್ಟುಕೊಂಡವರಿಗೆ ಬ್ರೇಕಿನ ಮೇಲೆ ಕೈ ಇಡಲು ಕಂಪನಿ ಬಿಡುವುದಿಲ್ಲ.

“ಕುರ್ಚಿ ಹೋಗತದ, ಅಂದಂಗಾತು.”

“ಹೌದ್ರಿ. ನಾ ಸುಳ್ಳ ಹೇಳೂದಿಲ್ಲ.”

“ಹಂಗಾರ ಬ್ಯಾಡ ಬಿಡ್ರಿ,” ಎಂದಳು ದ್ರಾಕ್ಷಾಯಣಿ. ಮುಂದಿನ ಸಲ ಎಷ್ಟು ಎಂದು ಕೇಳಿದಾಗ ನಾಲ್ಕು ಎಂದುಬಿಟ್ಟಳು. ನಜ್ಮಾ ಅವಳ ಮುಖವನ್ನೂ ಯಂತ್ರದ ಗೆರೆಗಳನ್ನೂ ನೋಡಿದಳು. ನಾಲ್ಕಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೆ ತ್ರಾಸು ಎಷ್ಟೆಂದು ಹೇಳುವ ಹಕ್ಕು ಅನುಭವಿಸುವವರದು.

*

ಕುರ್ಚಿ ಸಿಕ್ಕಿತು. ಮೊದಲ ವಾರ ಗುರುಸಿದ್ದ ಪಕ್ಕದಲ್ಲೇ ಕೂತು ಕಣ್ಣಿಡಬೇಕೆಂದು ಹೇಳಿದ್ದರು. ದ್ರಾಕ್ಷಾಯಣಿ ಸಿಮೆಂಟಿನ ಗಾಡಿ ಹಿಡಿದಳು. ಪರದೆಯಲ್ಲಿ ಹಳಿ ಓಡಿಬಂತು. ಅವಳ ಕೈ ನೆಟ್ಟಗಿತ್ತು. ಅಣ್ಣಿಗೇರಿಯ ಕಡೆ ಮೆಣಸಿನಕಾಯಿ ಹರವಿದ ಕಣಗಳು ಕೆಂಪಗೆ ಹಾದುಹೋದವು. ಎಲ್ಲ ಸರಿಹೋಯಿತು ಎಂದು ಗುರುಸಿದ್ದ ಕಿವಿಯಲ್ಲಿ ಇಯರ್‌ಫೋನು ಸಿಕ್ಕಿಸಿಕೊಳ್ಳುವ ಹೊತ್ತಿಗೆ, ಹಳಿಯಿಂದ ಬಹು ದೂರ, ಹೊಲದ ಬದುವಿನಲ್ಲಿ ನಿಂತ ಹೆಂಗಸೊಬ್ಬಳು ಗಾಡಿ ನೋಡಲೆಂದು ಬಿಸಿಲಿಗೆ ಕೈ ಅಡ್ಡ ಹಿಡಿದಳು.

ದ್ರಾಕ್ಷಾಯಣಿ ಬ್ರೇಕನ್ನು ಪೂರ್ತಿ ಎಳೆದಳು.

ಗಾಡಿ ಕಿರುಗುಟ್ಟುತ್ತ ನಡುದಾರಿಯಲ್ಲಿ ನಿಂತಿತು. ಹಿಂದೆ ಬರುತ್ತಿದ್ದ ಗಾಡಿಗಳು ಒಂದರ ಹಿಂದೊಂದು ನಿಂತವು. ಹಾಲಿನಲ್ಲಿ ಗಂಟೆಗಳು ಬಡಿದುಕೊಂಡವು.

“ಏನಾತಕ್ಕಾ? ಯಾರದಾರ? ಹಳಿ ಮ್ಯಾಲೆ ಯಾರೂ ಇಲ್ಲಲ್ಲ!”

ಅವಳಿಗೆ ಕೇಳಿಸುತ್ತಿರಲಿಲ್ಲ. ಬ್ರೇಕಿನ ಹಿಡಿಗೆ ಅಂಟಿದ ಹೆಬ್ಬೆರಳನ್ನು ಗುರುಸಿದ್ದ ಎರಡು ಕೈಯಿಂದ ಬಿಡಿಸಬೇಕಾಯಿತು.

ಆವತ್ತು ಸಂಜೆ ಅವಳು ಮನೆಗೆ ಹೋಗಲಿಲ್ಲ. ಚಿಕಿತ್ಸೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ನಜ್ಮಾ ಬಾಗಿಲಿಗೆ ಬೀಗ ಹಾಕಲು ಬಂದವಳು ಅವಳನ್ನು ನೋಡಿ ನಿಂತಳು.

“ಬೇಲಿ ತಗೀರಿ,” ಎಂದಳು ದ್ರಾಕ್ಷಾಯಣಿ.

*

ಮರುದಿನ ನಜ್ಮಾ ಬಾಗಿಲು ಹಾಕಿ, ಫೋನು ಆರಿಸಿ, ತನ್ನ ಸ್ಟೂಲನ್ನು ಅವಳ ಪಕ್ಕಕ್ಕೆ ಎಳೆದುಕೊಂಡಳು. “ಈಗ ಏನು ಬರ್ತದ ಬರಲಿ. ಸಂಬಂಧ ಐತೋ ಇಲ್ಲೋ ನೋಡಬ್ಯಾಡ್ರಿ. ಗಾಡ್ಯಾಗ ಕಿಟಕಿ ಕಡೆ ಕುಂತೀನಿ, ಹೊರಗಿಂದು ಹಾದು ಹೊಂಟೈತಿ ಅಂತ ತಿಳೀರಿ. ಸಾಕು ಅನಿಸಿದ್ರ ಕೈ ಎತ್ರಿ...” ಎಂದವಳು ತಟಕ್ಕನೆ ನಾಲಗೆ ಕಚ್ಚಿಕೊಂಡು, “ಸಾಕು ಅಂತ ಅನ್ರಿ,” ಎಂದು ತಿದ್ದಿಕೊಂಡಳು.

ಚುಕ್ಕೆ ತೂಗಿತು. ಸೇತುವೆ. ಅಂಗೈ. ಹೆಬ್ಬೆರಳು ಮರಗಟ್ಟಿತು. ಘಾಟು ಬಂತು. ಕಣ್ಣು ಜಾರಿತು. ಈ ಸಲ ಯಾರೂ ಅವಳನ್ನು ಹಿಂದಕ್ಕೆ ಕರೆಯಲಿಲ್ಲ.

ಚುಕ್ಕೆ ನಿಂತಾಗ ನಜ್ಮಾ ಕೇಳಿದಳು, “ಏನ್ ಬಂತ್ರಿ?”

“ಫೋನು.”

“ಹೂಂ. ಅದರ ಜೋಡೀನ ಹೋಗ್ರಿ.”

ಎಲ್ಲರೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮನೆಯೊಳಗೆ ಕೂತಿದ್ದ ರೋಗದ ವರ್ಷ. ಹೂವು ಕೊಳ್ಳುವವರಿರಲಿಲ್ಲ. ಗುಡಿ ಮುಚ್ಚಿದ್ದವು, ಮದುವೆಗಳು ನಿಂತಿದ್ದವು. ಅಪ್ಪ ತಂದ ಹೂವು ಪಡಸಾಲೆಯಲ್ಲೇ ಕೊಳೆತು ನಾರುತ್ತಿತ್ತು. ಮೊದಲು ಅಪ್ಪನಿಗೆ ಜ್ವರ, ಹಿಂದೆಯೇ ಅವ್ವನಿಗೆ. ಇಬ್ಬರನ್ನೂ ಬೇರೆ ಬೇರೆ ಗಾಡಿ ಬಂದು ಕರೆದೊಯ್ದವು. ಮೂರನೆಯ ಇಯತ್ತೆಯಲ್ಲಿ ಓದುತ್ತಿದ್ದ ದ್ರಾಕ್ಷಿ ಮನೆಯಲ್ಲಿ ಒಬ್ಬಳೇ ಉಳಿದಳು. ಎದುರುಮನೆಯ ಕಾಶಕ್ಕ ಹೊಸ್ತಿಲ ಹೊರಗೆ ಅನ್ನದ ತಾಟು ಇಟ್ಟು ದೂರ ಸರಿದು ನಿಂತು, “ತಗೋ ಯವ್ವಾ” ಎನ್ನುತ್ತಿದ್ದಳು. ಒಳಗೆ ಬರುವಂತಿರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಸ್ಯಾನಿಟೈಸರಿನಿಂದ ಒರೆಸಿಟ್ಟ ಅಪ್ಪನ ಫೋನು.

ಒಂದು ದಿನ ಮಧ್ಯಾಹ್ನ ಅದು ಬಡಿದುಕೊಂಡಿತು. ಪರದೆಯ ಮೇಲೆ ಮೊದಲು ಕಂಡದ್ದು ಬಿಳಿ ಅಂಗಿಯೊಳಗೆ ಮುಚ್ಚಿಹೋದ ಯಾರೋ ನರ್ಸು. ಆಮೇಲೆ ಅಪ್ಪ. ಬಾಯಿಗೆ ಕೊಳವೆ ಸಿಕ್ಕಿಸಿದ ಮುಖವಾಡ, ಒಳಗೆ ಹೋದ ಕಣ್ಣು. ಎದೆ ಮೇಲೆ ಕೆಳಗೆ ಹಾರುತ್ತಿತ್ತು. ಅಪ್ಪ ಅವಳನ್ನು ನೋಡಿದ. ಬಲಗೈ ಎತ್ತಿದ.

ಹುಡುಗಿ ಹೆಬ್ಬೆರಳಿನಿಂದ ಕೆಂಪು ಗುಂಡಿ ಒತ್ತಿದಳು. ಪರದೆ ಕಪ್ಪಾಯಿತು.

ದ್ರಾಕ್ಷಾಯಣಿ ಕುರ್ಚಿಯಲ್ಲಿ ಮುದುಡಿ, ಉಸಿರು ಸಿಕ್ಕದವಳಂತೆ ಅಳುತ್ತಿದ್ದಳು. ಅಳುವಿನಲ್ಲೇ ತುಂಡು ತುಂಡಾಗಿ ಬಂತು: “ನಾನ... ನಾನ ಕಟ್ ಮಾಡಿದ್ನಿ. ಅಂಜಿಕಿ ಬಂತು. ಅಪ್ಪನ ನೋಡಿ ಅಂಜಿಕಿ ಬಂತು. ಮರದಿನ ಮುಂಜಾನೆ ಅಪ್ಪ ತೀರಿಹೋಗಿದ್ದ. ನೆಟ್‌ವರ್ಕ್ ಹೋತು ಅಂತ ಎಲ್ಲಾರಿಗೂ ಹೇಳೀನಿ. ಏನೋ ಹೇಳಾಂವಿದ್ದ. ನಾ ಕೈಬಿಟ್ಟೆ.”

ನಜ್ಮಾ ಅವಳ ಅಳು ಒಂದು ಹದಕ್ಕೆ ಬರುವವರೆಗೆ ಕಾದಳು. ಸಮಾಧಾನದ ಮಾತು ಹೇಳಲಿಲ್ಲ. “ಇಲ್ಲೇ ಅದೀನಿ,” ಎಂದಷ್ಟೇ ಹೇಳಿ ಚುಕ್ಕೆಯನ್ನು ಮತ್ತೆ ಬಿಟ್ಟಳು. ಬೆಳಕು ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಏನು ಬಂತು? ಕೆಂಪು ಗುಂಡಿ. ಹೋಗ್ರಿ. ಏನು ಬಂತು? ಕೊಳೆತ ಹೂವಿನ ನಾತ. ಹೋಗ್ರಿ. ಅದೇ ಕೆಂಪು ಗುಂಡಿ, ಅದೇ ಕೆಂಪು ಗುಂಡಿ. ಅಲ್ಲಿಯೇ ಸುತ್ತುತ್ತಿದ್ದಾಳೆಂದು ಕಂಡಾಗ ನಜ್ಮಾ ಬೆಳಕು ನಿಲ್ಲಿಸಿ ಒಂದು ಮಾತು ಕೇಳಿದಳು.

“ಅಕ್ಕಾರ, ಆ ಮನ್ಯಾಗ ಹುಡುಗಿ ಜೋಡಿ ಯಾರಿದ್ರು?”

“ಯಾರೂ ಇರಲಿಲ್ಲ.”

“ಅದನ್ನ ನೋಡ್ಕೋತ ಹೋಗ್ರಿ.”

ಈ ಸಲ ಚಿತ್ರ ಬೇರೆಯಾಯಿತು. ದ್ರಾಕ್ಷಾಯಣಿ ಫೋನನ್ನು ನೋಡಲಿಲ್ಲ. ಫೋನು ಹಿಡಿದವಳನ್ನು ನೋಡಿದಳು. ಹೆಗಲ ಗುಂಡಿ ಕಿತ್ತ ಫ್ರಾಕು. ತಾನೇ ಹಾಕಿಕೊಳ್ಳಲು ಹೋಗಿ ಸೊಟ್ಟಗಾದ ಜಡೆ. ಅಷ್ಟು ಸಣ್ಣ ಹೆಬ್ಬೆರಳು. ಹೊಸ್ತಿಲಾಚೆಯ ತಾಟಿನಲ್ಲಿ ಅನ್ನ ಒಣಗಿ ಬಿರುಕು ಬಿಟ್ಟಿತ್ತು. ಅವಳೊಳಗೆ ಸಿಟ್ಟೊಂದು ಎದ್ದಿತು. ಅಪ್ಪನ ಮೇಲಲ್ಲ, ತನ್ನ ಮೇಲಲ್ಲ. ಸಾಯುತ್ತಿರುವ ಮನುಷ್ಯನನ್ನು ಒಬ್ಬಳೇ ನೋಡಲು ಒಂದು ಕೂಸನ್ನು ಬಿಟ್ಟಿದ್ದರಲ್ಲ, ಅದರ ಮೇಲೆ. ಸಿಟ್ಟು ಇಳಿದ ಮೇಲೆ ದುಃಖ ಬಂತು. ಅದು ಇಷ್ಟು ದಿನದ ದುಃಖದಂತೆ ಕುತ್ತಿಗೆ ಹಿಚುಕುವಂಥದ್ದಾಗಿರಲಿಲ್ಲ, ಹರಿಯುವಂಥದ್ದಾಗಿತ್ತು.

“ಏನ್ ಬಂತ್ರಿ?”

“ಅಕಿ ಭಾಳ ಸಣ್ಣಾಕಿ ಇದ್ಲು,” ಎಂದಳು ದ್ರಾಕ್ಷಾಯಣಿ. “ನಾ ಹೋಗಿ ಅಕಿ ಬಾಜೂಕ ಕುಂತೆ.”

ಒಂದೇ ದಿನದಲ್ಲಿ ಎಲ್ಲ ಮುಗಿಯಲಿಲ್ಲ. ಕೆಲವು ಸಲ ಮನೆಗೆ ಹೋದ ಮೇಲೆ ಇನ್ನೂ ಹೆಚ್ಚಿನ ತ್ರಾಸಾಯಿತು, ವಿಚಿತ್ರ ಕನಸುಗಳು ಬಿದ್ದವು. ಆದರೆ ಒಂದೊಂದು ಸಲಕ್ಕೂ ಏನಾದರೊಂದು ಸಡಿಲವಾಗುತ್ತಿತ್ತು. ಅಪ್ಪನ ಹಾಸಿಗೆಯಿಂದ ತೂಗಿ ತೂಗಿ ಅವಳು ಮತ್ತೆ ಸೇತುವೆಗೆ ಬಂದಾಗ ಆ ಗಟ್ಟಿಚಿತ್ರ ಅಲುಗಿತು. ಅಂಗೈಯ ಹಿಂದೆ ತೋಳು ಕಂಡಿತು, ತೋಳಿನ ಹಿಂದೆ ಮನುಷ್ಯ. ನೀಲಿ ಗೆರೆಯ ಅಂಗಿ. ಹೆಗಲ ಮೇಲೆ ಟವೆಲು, ಕೈಯಲ್ಲಿ ಬಟ್ಟೆಯ ಚೀಲ. ಅವನು ತಿರುಗುವುದಕ್ಕೆ ಮುಂಚಿನ ನಡಿಗೆಯೂ ಕಂಡಿತು: ಎಡಗಾಲು ತುಸು ಎಳೆಯುತ್ತಿದ್ದ. ಹಳ್ಳದಲ್ಲಿ ಬೆಳ್ಳಕ್ಕಿಗಳಿದ್ದವು. ಇದೆಲ್ಲ ಮೊದಲಿನಿಂದ ಅವಳೊಳಗೇ ಇತ್ತು. ಅಂಗೈ ಅಡ್ಡ ಬಂದು ಮುಚ್ಚಿತ್ತು.

“ಎಷ್ಟು?” ನಜ್ಮಾ ಕೇಳಿದಳು.

ದ್ರಾಕ್ಷಾಯಣಿ ಸುಳ್ಳು ಹೇಳಲಿಲ್ಲ. “ಒಂದು. ಒಂದು ಉಳೀತದ. ಮನುಷ್ಯಾ ಸತ್ತಾನಲ್ರಿ.”

“ಉಳೀಲಿ. ನಿಮ್ಮ ಬಗ್ಗೆ ಏನನಸ್ತದ?”

ಅವಳು ಯೋಚಿಸಿದಳು. “ಬ್ರೇಕ್ ಹಾಕೀನಿ,” ಎಂದಳು. “ಕೈಲಾದದ್ದು ಮಾಡೀನಿ.”

*

ನಜ್ಮಾ ಹೇಳಿದಂತೆಯೇ ಆಯಿತು. ಬ್ರೇಕಿನ ಕುರ್ಚಿ ಹೋಯಿತು. ಹಾಲಿನ ಹಿಂದಿನ ಕೋಣೆಯಲ್ಲಿ ವೇಳಾಪಟ್ಟಿ ಹೊಂದಿಸುವ ಮೇಜು ಕೊಟ್ಟರು. ಅಲ್ಲಿ ಪರದೆಯ ಮೇಲೆ ಬರೀ ಅಂಕಿ, ಹೊಲವಿಲ್ಲ, ಹಳ್ಳವಿಲ್ಲ. ಗುರುಸಿದ್ದ ಒಂದೆರಡು ದಿನ ಚಹಾಕ್ಕೆ ಕರೆದ, ಆಮೇಲೆ ಅವನ ಪಾಳಿ ಬದಲಾಯಿತು. ಹೊಸ ಮೇಜಿನವರು ಅವಳನ್ನು ‘ತೊಟ್ಟಿಲಿನಾಕಿ’ ಎಂದು ಮೆಲ್ಲಗೆ ಅನ್ನುವುದು ಅವಳ ಕಿವಿಗೂ ಬಿತ್ತು. ಮೊದಲಾದರೆ ಒಬ್ಬಳೇ ಇರುವುದು ಅವಳಿಗೆ ಹೊರೆಯೆನಿಸುತ್ತಿರಲಿಲ್ಲ. ಈಗ ಎದೆಯ ಒಳಗಿನ ಗದ್ದಲ ಇಳಿದು, ಸುತ್ತಲಿನ ಮೌನ ಚೆನ್ನಾಗಿ ಕೇಳಿಸತೊಡಗಿತ್ತು.

ಒಂದು ಭಾನುವಾರ ಮುಂಜಾನೆ ಅವಳು ಟೀವಿಯ ಮೇಲಿನ ಬೆಡ್‌ಶೀಟು ತೆಗೆದು ಮಡಚಿದಳು. ನೀಲವ್ವ ರೊಟ್ಟಿ ಬಡಿಯುತ್ತಿದ್ದಳು. ದ್ರಾಕ್ಷಾಯಣಿ ಅವಳ ಎದುರು ಕೂತು ಹೇಳಿದಳು:

“ಯವ್ವಾ, ಅಪ್ಪ ಹೋಗೂ ಹಿಂದಿನ ದಿವಸ ಫೋನ್ ಬಂದಿತ್ತು. ನೆಟ್‌ವರ್ಕ್ ಹೋಗಿರಲಿಲ್ಲ, ನಾನ ಕಟ್ ಮಾಡಿದ್ನಿ. ಅಪ್ಪನ ನೋಡಿದೆ.”

ರೊಟ್ಟಿಯ ಸಪ್ಪಳ ನಿಂತಿತು. ನೀಲವ್ವ ಹಿಟ್ಟಿನ ಕೈಯನ್ನೇ ನೋಡುತ್ತ ಕೂತಳು. ಅವಳೂ ಆಗ ಬೇರೊಂದು ಆಸ್ಪತ್ರೆಯಲ್ಲಿ ಉಸಿರಿಗೆ ಒದ್ದಾಡುತ್ತ ಬಿದ್ದಿದ್ದಳು. ಗಂಡನ ಮುಖ ನೋಡದೆ, ಮಣ್ಣು ಹಾಕದೆ, ಮನೆಗೆ ಬಂದಾಗ ಎಲ್ಲ ಮುಗಿದಿತ್ತು. ಅವಳೆಂದಳು: “ಬ್ಯಾಡ ದ್ರಾಕ್ಷಿ. ಅದನ್ನ ಎತ್ತಬ್ಯಾಡ. ನನ್ನ ಕೈಲಿ ಆಗೂದಿಲ್ಲ.”

ರೊಟ್ಟಿಯ ಸಪ್ಪಳ ಮತ್ತೆ ಶುರುವಾಯಿತು. ದ್ರಾಕ್ಷಾಯಣಿ ಒತ್ತಾಯ ಮಾಡಲಿಲ್ಲ. ತನ್ನ ಬಾಗಿಲು ತೆರೆದರೆ ಅವ್ವನದೂ ತೆರೆದೀತು ಎಂದುಕೊಂಡಿದ್ದಳು, ಹಾಗಾಗಲಿಲ್ಲ.

*

ಮುಂದಿನ ರಜೆಯ ದಿನ ಅವಳು ಪ್ಯಾಸೆಂಜರ್ ಗಾಡಿ ಹತ್ತಿ ಕರಡಿಹಾಳದಲ್ಲಿ ಇಳಿದಳು. ಅದೇ ಹಳಿಯ ಮೇಲೆ ಎಷ್ಟೋ ವರ್ಷ ಗಾಡಿ ನಡೆಸಿದ್ದರೂ ಆ ಮಣ್ಣಿಗೆ ಕಾಲಿಟ್ಟದ್ದು ಅದೇ ಮೊದಲು. ಗಾಳಿಗೆ ಸುಟ್ಟ ಹುಲ್ಲಿನ ವಾಸನೆಯಿತ್ತು. ಪರದೆಗೆ ವಾಸನೆ ಇರಲಿಲ್ಲವಲ್ಲ ಎಂದುಕೊಂಡಳು. ಸ್ಟೇಷನ್ನಿನೆದುರಿನ ಚಹಾದಂಗಡಿಯಲ್ಲಿ ಬ್ರಿಜ್ಜಿನ ಮೇಲೆ ತೀರಿಕೊಂಡವರ ಮನೆ ಎಲ್ಲಿ ಎಂದು ಕೇಳಿದಾಗ, ಯಮನೂರಪ್ಪನ ಅಕ್ಕ ಹುಲಿಗೆವ್ವನ ಮನೆ ಅದು ಎಂದು ತೋರಿಸಿದರು.

ಹುಲಿಗೆವ್ವ ಅಂಗಳದಲ್ಲಿ ಕೌದಿ ಹೊಲಿಯುತ್ತಿದ್ದಳು. ಅರವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಬಂದವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಕಂಪನ್ಯಾರೇನು? ನಿಮ್ಮ ಕಾಗದಕ್ಕ ಹೆಬ್ಬೆಟ್ಟು ಒತ್ತಿ ಕೊಟ್ಟಾತಲ್ಲ. ಇನ್ನೇನು ಬೇಕಾಗಿತ್ತು?”

“ಕಂಪನಿ ಕಳಿಸಿಲ್ರೀ. ನಾನಾಗೇ ಬಂದೀನಿ.” ದ್ರಾಕ್ಷಾಯಣಿಯ ಮಾತು ತಡವರಿಸಲಿಲ್ಲ. “ಆವತ್ತು ಆ ಗಾಡಿ ನಾನ ನಡಸ್ತಿದ್ದೆ.”

ಸೂಜಿ ನಿಂತಿತು. “ಅದರಾಗ ಯಾರೂ ಇರಲಿಲ್ಲ ಅಂದ್ರಲ್ಲ ಪೊಲೀಸ್ರು? ಮಂದಿ ಇಲ್ಲದ ಗಾಡಿ ಅಂದ್ರು.”

“ಹುಬ್ಬಳ್ಳ್ಯಾಗ ಕುಂತು ನಡಸ್ತೀವ್ರಿ. ನಮಗ ಎಲ್ಲಾ ಕಾಣ್ತದ. ಬ್ರೇಕ್ ಹಾಕಿದೆ. ನಿಲ್ಲಲಿಲ್ಲ.”

ಹುಲಿಗೆವ್ವ ಎದ್ದು ಒಳಗೆ ಹೋದಳು. ದ್ರಾಕ್ಷಾಯಣಿ ಬಿಸಿಲಲ್ಲಿ ನಿಂತೇ ಇದ್ದಳು. ಒಳಗಿನಿಂದ ಸದ್ದಿಲ್ಲ. ಇನ್ನು ಹೊರಡುವುದೇ ಸರಿ ಎಂದು ಅವಳು ತಿರುಗುವಷ್ಟರಲ್ಲಿ ಹುಲಿಗೆವ್ವ ನೀರಿನ ತಂಬಿಗೆ ಹಿಡಿದು ಬಂದಳು. ಕೌದಿಯ ಒಂದು ಮೂಲೆಯನ್ನು ಬಿಡಿಸಿ ಹಾಸಿದಳು.

“ಕುಂಡ್ರು.”

ಬಂದವಳು ನೀರು ಕುಡಿಯುವವರೆಗೂ ಅವಳು ಕಾದಳು. ಆಮೇಲೆ ಮುಖ ನೋಡದೆ ಕೇಳಿದಳು: “ಹಂಗಾರ ನೀ ನೋಡೀದಿ ಅವನ್ನ?”

“ನೋಡೀನ್ರಿ.”

“ಹೆಂಗಿದ್ದ?”

ದ್ರಾಕ್ಷಾಯಣಿ ಹೇಳಿದಳು. ನೀಲಿ ಗೆರೆಯ ಅಂಗಿ, ಹೆಗಲ ಮೇಲಿನ ಟವೆಲು, ಚೀಲ, ಎಳೆಯುವ ಎಡಗಾಲು. ಹಿಂದೆ ಪೊಲೀಸರು ಕೇಳಿದಾಗ ಇದರಲ್ಲಿ ಒಂದನ್ನೂ ಹೇಳಲು ಅವಳಿಂದ ಆಗಿರಲಿಲ್ಲ.

“ಕಾಲು ಸಣ್ಣಾಂವಿದ್ದಾಗ ಗಿಡದ ಮ್ಯಾಗಿಂದ ಬಿದ್ದು ಮುರಕೊಂಡಿದ್ದ,” ಎಂದಳು ಹುಲಿಗೆವ್ವ. “ಅಳಕೋತ ಹೊಂಟಿದ್ನೇನು?”

“ಇಲ್ರೀ. ಸಾವಕಾಶ ನಡಕೋತ ಹೊಂಟಿದ್ರು. ಹಾರ್ನ್ ಕೇಳಿ ಹೊಳ್ಳಿ ನೋಡಿದ್ರು. ಕೈ ಎತ್ತಿದ್ರು.”

“ಯಾಕ? ನಿಲ್ಲು ಅಂದ್ನೋ, ಬರ್ತೀನಿ ಅಂದ್ನೋ?”

ಇಷ್ಟು ತಿಂಗಳು ಅವಳನ್ನು ಕೊರೆದಿದ್ದ ಪ್ರಶ್ನೆಯೇ ಅದು. ಸಮಾಧಾನವಾಗುವಂಥದ್ದು ಏನಾದರೂ ಹೇಳಬಹುದಿತ್ತು. “ನನಗ ಗೊತ್ತಾಗಲಿಲ್ಲ ಅಕ್ಕ,” ಎಂದಳು. “ನಾ ಭಾಳ ವಿಚಾರ ಮಾಡೀನಿ. ಗೊತ್ತಾಗಲಿಲ್ಲ.”

ಹುಲಿಗೆವ್ವ ತಲೆಯಾಡಿಸಿದಳು. ಸೆರಗಿನ ತುದಿ ಬಾಯಿಗೆ ಒತ್ತಿ ಹಿಡಿದಳು. ಅವಳ ಭುಜ ಅಲುಗುತ್ತಿತ್ತು, ದನಿ ಹೊರಡಲಿಲ್ಲ. ಒಂದು ಕೋಳಿ ಬಂದು ಕೌದಿಯ ಅಂಚನ್ನು ಕುಕ್ಕಿ ಹೋಯಿತು.

“ಯಾರೂ ನೋಡಲಾರದಂಗ ಹ್ವಾದ ಅನ್ಕೊಂಡಿದ್ನೆವ್ವಾ,” ಎಂದಳು ಕೊನೆಗೆ. “ನಾಯಿ ಹೋದಂಗ, ಒಬ್ಬನ. ಒಂದು ಮಶೀನಿನ ಮುಂದ.”

ದ್ರಾಕ್ಷಾಯಣಿ ಕೈ ಚಾಚಿ ಅವಳ ಮೊಣಕೈ ಮೇಲೆ ಇಟ್ಟಳು. ಬಿಸಿ ಚರ್ಮ, ಒಳಗೆ ಎಲುಬು. ಎಷ್ಟೋ ಕಾಲದ ಮೇಲೆ ಅವಳು ಇನ್ನೊಬ್ಬರನ್ನು ಹಾಗೆ ಮುಟ್ಟಿದ್ದಳು.

ಹುಲಿಗೆವ್ವ ಕಣ್ಣೊರೆಸಿಕೊಂಡು ಅವಳ ಕಡೆಗೆ ಪೂರ್ತಿ ತಿರುಗಿ ಕೂತಳು.

“ಮದಲಿಂದ ಹೇಳು. ಎಲ್ಲಿಂದ ಕಂಡ? ಬ್ರಿಜ್ಜಿನ ಈ ಕಡೇಕೋ, ನಡುವೋ? ಏನೂ ಬಿಡಬ್ಯಾಡ.”

ದ್ರಾಕ್ಷಾಯಣಿ ಮೊದಲಿನಿಂದ ಹೇಳತೊಡಗಿದಳು. ತಿರುವು ದಾಟಿದಾಗಿನ ಬಿಸಿಲು, ಹಳ್ಳದ ನೀರು, ಬೆಳ್ಳಕ್ಕಿಗಳು, ಆಮೇಲೆ ಅವನು. ನಡುನಡುವೆ ಹುಲಿಗೆವ್ವ ತಡೆದು ಏನಾದರೂ ಕೇಳುತ್ತಿದ್ದಳು, ಇವಳು ನಿಂತು ನೆನೆಸಿಕೊಂಡು ಹೇಳುತ್ತಿದ್ದಳು. ದೂರದಲ್ಲಿ ಹುಬ್ಬಳ್ಳಿಗೆ ಮರಳುವ ಗಾಡಿ ಕೂಗಿತು, ಸ್ಟೇಷನ್ನಿನಲ್ಲಿ ನಿಂತಿತು, ಹೊರಟೂಹೋಯಿತು. ದ್ರಾಕ್ಷಾಯಣಿ ಏಳಲಿಲ್ಲ.